ಎಳ್ಳು ಅಮಾವಾಸ್ಯೆಯ ಕಳ್ಳ

ನನ್ನ ಗಂಡ ಕಳ್ಳ. ಹೀಗೆಂದರೆ ಹೊರಗಿನವರು ಬಾಯಿಯ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ನಮ್ಮೂರಿನವರಾದರೆ "ಹೌದಲಾ, ಛಲೋ ಕಳ್ಳ" ಎನ್ನುತ್ತಾರೆ. ಗಂಡನ ಹೆಸರನ್ನು ಬಾಯಿಂದ ಹೇಳಬಾರದು ಎಂದು ಅತ್ತೆ ಹೇಳಿಕೊಟ್ಟಿದ್ದಾಳೆ. ಬರೆಯಬಾರದು ಎಂದೇನೂ ಹೇಳಿಲ್ಲ. ಹಾಗಾಗಿ ಒಂದು ಸಲ ಬರೆದುಬಿಡುತ್ತೇನೆ: ಕೊಟ್ರಪ್ಪ. ಇನ್ನು ಮುಂದೆ ನಮ್ಮವರು ಎಂದರೆ ಅವರೇ.

ಊರು ಕುಷ್ಟಗಿಗೂ ಯಲಬುರ್ಗಾಕ್ಕೂ ನಡುವೆ ಇದೆ. ಹೆಸರು ಬೇಡ, ಹಬ್ಬದ ಕಮಿಟಿಯವರಿಗೆ ಸಿಟ್ಟು ಬರುತ್ತದೆ. ನಮ್ಮವರ ಕೆಲಸ ಊರಿಗೆ ನೀರು ಬಿಡುವುದು. ಬೆಳಿಗ್ಗೆ ಐದಕ್ಕೆ ಎದ್ದು, ಉದ್ದನೆಯ ಕಬ್ಬಿಣದ ಚಾವಿಯನ್ನು ಹೆಗಲ ಮೇಲಿಟ್ಟುಕೊಂಡು, ಓಣಿ ಓಣಿ ತಿರುಗಿ ವಾಲ್ವ್ ತಿರುವುತ್ತಾರೆ. ನೀರು ಬಂದರೆ ಯಾರೂ ಅವರ ಹೆಸರೆತ್ತುವುದಿಲ್ಲ. ಬರದಿದ್ದರೆ ಎತ್ತುತ್ತಾರೆ, ಜೊತೆಗೆ ಅವರವ್ವನದನ್ನೂ ಎತ್ತುತ್ತಾರೆ. ಮುನ್ನೂರ ಅರವತ್ತನಾಲ್ಕು ದಿನ ಇದೇ ಬಾಳು. ಉಳಿದ ಒಂದು ದಿನ, ಎಳ್ಳು ಅಮಾವಾಸ್ಯೆಯಂದು, ನಮ್ಮವರು ಊರಿನ ಕಳ್ಳ. ಅವತ್ತು ಐನೂರು ಮಂದಿ ಅವರ ಹಿಂದೆ ಓಡುತ್ತಾರೆ.

ಪದ್ಧತಿ ಹೀಗಿದೆ. ಹೊಲದ ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು ಸುಣ್ಣ ಬಳಿಯುತ್ತೇವೆ, ಅವರು ಪಾಂಡವರು. ಅವರ ಬೆನ್ನ ಹಿಂದೆ ಸುಣ್ಣ ಕಾಣದ ಒಂದು ಕಲ್ಲು, ಅದು ಕಳ್ಳ. ಪಾಂಡವರ ಮುಂದೆ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಕಡುಬು, ಎಳ್ಳು ಹೋಳಿಗೆ ತುಂಬಿದ ಬುಟ್ಟಿ. ಒಬ್ಬ ಹೊಲದ ಸುತ್ತ ಚರಗ, ಅಂದರೆ ಭೂಮಿತಾಯಿಗೆ ಅಡುಗೆಯ ಎಡೆ, ಚೆಲ್ಲುತ್ತಾ "ಹುಲ್ಲುಲ್ಲಿಗೋ" ಎಂದು ಕೂಗುತ್ತಾನೆ. ಹಿಂದಿನವನು ನೀರು ಚಿಮುಕಿಸುತ್ತಾ "ಚಳ್ಳಂಬ್ರಿಗೋ" ಎನ್ನುತ್ತಾನೆ. ಊರೆಲ್ಲ ಅವರ ಬೆನ್ನಿಗೆ. ಎಲ್ಲರೂ ಆ ಕಡೆ ಹೋದಾಗ, ಜೋಳದೊಳಗೆ ಕಂಬಳಿ ಹೊದ್ದು ಕುಳಿತ ಕಳ್ಳ ಎದ್ದು ಬಂದು ಬುಟ್ಟಿ ಹೊತ್ತು ಓಡಬೇಕು. ಊರು ತಿರುಗಿ "ಕಳ್ಳ! ಕಳ್ಳ!" ಎಂದು ಅಟ್ಟಬೇಕು, ಆದರೆ ಹಿಡಿಯಬಾರದು. ಅವನು ಹೊಲದಂಚಿನ ಒಡ್ಡು ದಾಟಿ, ಕುಳಿತು, ಮೊದಲ ತುತ್ತು ತಿನ್ನಬೇಕು. ಹೊಟ್ಟೆ ತುಂಬಿದ ಕಳ್ಳ ಸುಗ್ಗಿಯ ರಾಶಿ ಮುಗಿಯುವವರೆಗೆ ಹೊಲದ ಕಡೆ ತಲೆ ಹಾಕುವುದಿಲ್ಲವಂತೆ. ಅವನು ತಿನ್ನುವವರೆಗೆ ಊರಿನಲ್ಲಿ ಯಾರೂ ಒಂದು ತುತ್ತನ್ನೂ ಬಾಯಿಗಿಡುವಂತಿಲ್ಲ.

ಬುಟ್ಟಿ ಕಟ್ಟುವವಳು ಕಳ್ಳನ ಹೆಂಡತಿ. ಅಂದರೆ ನಾನು ಬೆಳಗಿನ ಜಾವ ಎದ್ದು ಮಾಡಿದ ಅಡುಗೆಯನ್ನು ನನ್ನ ಗಂಡ ಹೊಲದಲ್ಲಿ ಕದಿಯುತ್ತಾರೆ. ಮನೆಯಲ್ಲೇ ಕೂತು ತಿನ್ನಬಹುದಿತ್ತಲ್ಲ ಎಂದು ಅವರು ಕಳ್ಳರಾದ ಹೊಸತರಲ್ಲಿ ಕೇಳಿ ಬೈಸಿಕೊಂಡಿದ್ದೆ.

ಹೋದ ವರ್ಷ ಎಲ್ಲ ಕೆಟ್ಟಿತು. ಹಾಸನದ ಕಡೆಯಿಂದ ಹೊಸದಾಗಿ ಬಂದ ಪಿಎಸ್ಐ ಗೋವಿಂದರಾಜ ಸಾಹೇಬರು, ಡ್ಯೂಟಿ ಹಿಡಿದ ಮೂರನೇ ದಿನ ಜೀಪಿನಲ್ಲಿ ಹೊಲದ ಪಕ್ಕ ಹಾದು ಹೋಗುತ್ತಿದ್ದರು. ಒಬ್ಬ ಕಂಬಳಿ ಹೊದ್ದವನು ಬುಟ್ಟಿ ಹೊತ್ತು ಓಡುತ್ತಿದ್ದಾನೆ. ಹಿಂದೆ ಐನೂರು ಮಂದಿ ಕಳ್ಳ ಕಳ್ಳ ಎಂದು ಬಾಯಿ ಬಡಿದುಕೊಳ್ಳುತ್ತಿದ್ದಾರೆ, ಒಬ್ಬರಿಗೂ ಹಿಡಿಯಲು ಆಗುತ್ತಿಲ್ಲ. ಸಾಹೇಬರು ಜೀಪಿನಿಂದ ಜಿಗಿದು ಹಿಡಿದೇಬಿಟ್ಟರು. ಊರಿಗೆ ಊರೇ ಗರಬಡಿದಂತೆ ನಿಂತಿತು. ಕಳ್ಳ ಸಿಕ್ಕಿಬಿದ್ದದ್ದು ಅಜ್ಜ ಮುತ್ತಜ್ಜರ ಕಾಲದಿಂದಲೂ ಇರಲಿಲ್ಲ.

ಠಾಣೆಯಲ್ಲಿ ಸಾಹೇಬರು ದೊಡ್ಡ ರಿಜಿಸ್ಟರ್ ತೆಗೆದರು.

"ಏನಯ್ಯಾ ಕೆಲಸ?"

"ದಿನಾ ನೀರ ಬಿಡ್ತೀನ್ರಿ. ಇವತ್ತ ಕಳ್ಳ ಅದೀನ್ರಿ."

"ಎಷ್ಟು ವರ್ಷದಿಂದ ಕದೀತಿದ್ದೀಯಾ?"

"ಮೂವತ್ತೊಂದು ವರ್ಷ ಆತ್ರಿ. ಅದಕ್ಕ ಮೊದಲ ನಮ್ಮಪ್ಪ ಕದೀತಿದ್ದ. ನಮ್ಮಪ್ಪನ ಕೈ ಭಾಳ ಚುರುಕ್ರಿ."

"ಯಾರಿಗೂ ಗೊತ್ತಾಗ್ಲಿಲ್ವಾ?"

"ಎಲ್ಲಾರಿಗೂ ಗೊತ್ತೈತ್ರಿ. ಕಮಿಟಿಯವರ ಕಳಿಸ್ತಾರ."

ಪಾಪ, ಸಾಹೇಬರು ದೊಡ್ಡ ಗ್ಯಾಂಗೇ ಸಿಕ್ಕಿತೆಂದು ಎರಡನೇ ಹಾಳೆ ತಿರುವಿದರು. ಅಷ್ಟರಲ್ಲಿ ಕಮಿಟಿಯವರು ಓಡಿಬಂದು ಎಲ್ಲ ಬಿಡಿಸಿ ಹೇಳಿದರು. ಸಾಹೇಬರು ನಾಚಿಕೊಂಡು, ಚಹಾ ತರಿಸಿಕೊಟ್ಟು, ನಮ್ಮವರನ್ನು ತಾವೇ ಜೀಪಿನಲ್ಲಿ ಒಡ್ಡಿನವರೆಗೆ ಬಿಟ್ಟುಬಂದರು. ಒಳ್ಳೆಯ ಮನುಷ್ಯ. ಆದರೆ ಬರೆದದ್ದು ಬರೆದಾಗಿತ್ತು. "ಅಳಿಸೋಕೆ ಬರಲ್ಲ ಕಣ್ರೀ, ಪೇಜ್ ನಂಬರ್ ಇದೆ" ಎಂದರು. ಅವತ್ತು ನಾವು ಯಾರೂ ಅದಕ್ಕೆ ತಲೆಕೆಡಿಸಿಕೊಳ್ಳಲಿಲ್ಲ.

ಈ ವರ್ಷ ಹಬ್ಬಕ್ಕೆ ಒಂದು ತಿಂಗಳಿರುವಾಗ ಕಮಿಟಿ ಕೂಡಿತು. ಗೊಬ್ಬರದ ಅಂಗಡಿಯ ಗುರುಬಸವ ಅಧ್ಯಕ್ಷ. ಊರ ಸುತ್ತಲಿನ ಹೊಲಗಳೆಲ್ಲ ಪ್ಲಾಟ್ ಆಗಿವೆ, ಜೋಳ ನಿಂತಿರುವುದು ಹಾಜಿಸಾಬರ ನಾಲ್ಕು ಎಕರೆಯಲ್ಲಿ ಮಾತ್ರ. ಹಾಗಾಗಿ ಮೂರು ವರ್ಷದಿಂದ ಇಡೀ ಊರಿನ ಹಬ್ಬ ಅಲ್ಲೇ. ಮಂದಿ ಹೆಚ್ಚಾದರು ಅಂತ ಈ ಸಲ ಪೊಲೀಸ್ ಅನುಮತಿಯ ಅರ್ಜಿ ತುಂಬಬೇಕಾಗಿ ಬಂತು. ಅರ್ಜಿಯಲ್ಲಿ ಒಂದು ಕಾಲಂ: ಕಾರ್ಯಕ್ರಮದಲ್ಲಿ ಭಾಗವಹಿಸುವ ಮುಖ್ಯ ವ್ಯಕ್ತಿಗಳ ಹೆಸರು ಮತ್ತು ಪಾತ್ರ. ಪ್ರತಿಯೊಬ್ಬರಿಗೂ ಪೊಲೀಸರ ಸನ್ನಡತೆ ಪ್ರಮಾಣಪತ್ರ ಬೇಕು.

ಗುರುಬಸವ ಬರೆದ: ಚರಗ ಚೆಲ್ಲುವವರು, ಒಬ್ಬ. ನೀರು ಹಾಕುವವರು, ಒಬ್ಬ. ಕಳ್ಳ, ಒಬ್ಬ.

ನಮ್ಮವರು ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಠಾಣೆಗೆ ಹೋದರು. ನಾನೂ ಹೋದೆ, ಕೇಳಿದ್ದಕ್ಕೆ ಉತ್ತರ ಕೊಟ್ಟಾರು, ತಾವಾಗಿ ಏನಾದರೂ ಬೇಡಲು ಅವರಿಗೆ ಸಾಹೇಬರ ಮುಂದೆ ಬಾಯಿ ಬರುವುದಿಲ್ಲ. ಗೋವಿಂದರಾಜ ಸಾಹೇಬರು ರಿಜಿಸ್ಟರ್ ತೆಗೆದು ನೋಡಿ, ನಿಟ್ಟುಸಿರು ಬಿಟ್ಟರು.

"ಕೊಡೋಕಾಗಲ್ಲ ರೀ. ಇವರ ಮೇಲೆ ಕಳ್ಳ ಅಂತ ದಾಖಲೆ ಇದೆ."

"ಸಾಹೇಬ್ರ, ಇವರು ಕಳ್ಳ ಆಗಾಕನ ಅಲ್ಲೇನ್ರಿ ಕಾಗದ ಕೇಳಾಕತ್ತಿದ್ದು?" ಎಂದೆ.

"ಅದೇ ಅಮ್ಮಾ. ಕಳ್ಳ ಆಗಬೇಕಾದ್ರೆ ಕಳ್ಳ ಆಗಿರಬಾರದು. ನಾನು ಮಾಡಿದ ರೂಲ್ಸ್ ಅಲ್ಲ ಇದು."

"ಬರದಾವ್ರು ನೀವಲ್ರಿ?"

"ನಾನೇ. ಅದಕ್ಕೇ ನನಗೂ ಬೇಜಾರು."

ಅಲ್ಲ, ಬೇಜಾರನ್ನು ಏನು ರೊಟ್ಟಿಗೆ ಹಚ್ಚಿಕೊಂಡು ತಿನ್ನಲೇ? ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮವರು ಮಾತ್ರ ಬಗ್ಗಿ ನಮಸ್ಕಾರ ಮಾಡಿ, ಚಪ್ಪಲಿ ಹುಡುಕುತ್ತಾ ನಿಂತರು. ಚಪ್ಪಲಿ ಅವರ ಕಾಲಲ್ಲೇ ಇತ್ತು.

ಆ ವಾರ ಅವರು ಮೂರು ದಿನ ಒಂದೇ ಓಣಿಗೆ ನೀರು ಬಿಟ್ಟರು. ಆ ಓಣಿಯವರು ಮನೆಯ ಮಾಳಿಗೆಯನ್ನೂ ತೊಳೆದರು, ಉಳಿದ ಊರು ನಮ್ಮ ಬಾಗಿಲಿಗೆ ಬಂದು ಬಾಯಿ ಮಾಡಿತು. ಪ್ರತಿ ವರ್ಷ ಈ ಹೊತ್ತಿಗೆ ಅವರು ನೀರಿನ ಟ್ಯಾಂಕಿನಿಂದ ಬಸ್ ಸ್ಟ್ಯಾಂಡಿನವರೆಗೆ ಓಟದ ಅಭ್ಯಾಸ ಮಾಡುತ್ತಿದ್ದರು. ತಲೆ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ತೂಕಕ್ಕೆ ಎರಡು ಇಟ್ಟಿಗೆ. ಈ ಸಲ ಬುಟ್ಟಿ ಮೂಲೆ ಸೇರಿತು. ತಮ್ಮಪ್ಪನ ಕರಿಕಂಬಳಿಯನ್ನು ಟ್ರಂಕಿನಿಂದ ತೆಗೆದು, ಬೇವಿನೆಲೆ ಕೊಡವಿ, ಮತ್ತೆ ಮಡಿಚಿ ಇಟ್ಟರು. ನಾಲ್ಕು ಸಲ ಹಾಗೆ ಮಾಡಿದರು. ಈ ಮನುಷ್ಯನಿಗೆ ದೇವರು ಕೊಟ್ಟದ್ದು ಒಂದು ದಿನ. ಅದನ್ನೂ ಒಂದು ಕಾಲಂ ತಿಂದಿತ್ತು.

ಕಮಿಟಿಯವರು ಸನ್ನಡತೆಯ ಕಳ್ಳನನ್ನು ಹುಡುಕಿದರು. ಸಿಕ್ಕವರು ಗವಿಸಿದ್ದೇಶ ಮಾಸ್ತರರು. ರಿಟೈರ್ ಆದ ಹೆಡ್ ಮಾಸ್ತರ, ಮೂವತ್ತಾರು ವರ್ಷದ ಸರ್ವಿಸಿನಲ್ಲಿ ಶಾಲೆಯ ಒಂದು ತುಂಡು ಸೀಮೆಸುಣ್ಣವನ್ನೂ ಮನೆಗೆ ಒಯ್ದವರಲ್ಲ. ಪ್ರಮಾಣಪತ್ರ ಅರ್ಧ ಗಂಟೆಯಲ್ಲಿ ಬಂತು.

ಮಾಸ್ತರರು ಕಂಬಳಿ ಒಯ್ಯಲು ನಮ್ಮ ಮನೆಗೆ ಬಂದಾಗ ಕೈಯಲ್ಲಿ ನೋಟ್ ಪುಸ್ತಕ ಇತ್ತು. ಪಾಠ ಯೋಜನೆ ಬರೆದಿದ್ದರು. ಕಳವಿನ ಉದ್ದೇಶಗಳು, ಬೇಕಾದ ಸಾಮಗ್ರಿಗಳು, ಕಳವಿನ ನಂತರದ ಚಟುವಟಿಕೆಗಳು.

"ಕೊಟ್ರಪ್ಪ, ಬುಟ್ಟಿ ಎತ್ತೂ ಮುಂದ ಮನಸಿನ್ಯಾಗ ಏನಂತ ಅಂದ್ಕೋಬೇಕಪಾ?"

"ಏನೂ ಅಂದ್ಕೋಬಾರದ್ರಿ ಸರ. ಎತ್ತೂದು, ಓಡೂದು. ಎಡಗಾಲ ಮುಂದಿಡ್ರಿ, ಒಡ್ಡಿನ ಹತ್ರ ಒಂದ್ ತೆಗ್ಗ ಐತಿ."

ಮಾಸ್ತರರು ಎಡಗಾಲು ಎಂದು ಬರೆದುಕೊಂಡರು. ನಮ್ಮವರು ಕಂಬಳಿ ಕೊಟ್ಟು, ಅವರ ಹೆಗಲ ಮೇಲೆ ತಾವೇ ಸರಿಯಾಗಿ ಹೊದಿಸಿ, ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದರು. ಇಷ್ಟು ಸಾಲದೆಂಬಂತೆ ಗುರುಬಸವ ಬುಟ್ಟಿಯನ್ನು ಈ ಸಲವೂ ನಾನೇ ಕಟ್ಟಬೇಕು ಎಂದ. ಮಾಸ್ತರರ ಹೆಂಡತಿಗೆ ಎಣ್ಣೆಗಾಯಿ ಮಾಡಲು ಬರುವುದಿಲ್ಲವಂತೆ. ನಿನ್ನ ಕಮಿಟಿಗಿಷ್ಟು ಬೆಂಕಿ ಹಾಕಲಿ ಎಂದು ಬೈದೆ. ಆದರೂ ಕಟ್ಟಿದೆ, ಪಾಂಡವರೇನು ಮಾಡಿದ್ದರು ಪಾಪ.

ಅಮಾವಾಸ್ಯೆಯ ದಿನ ನಮ್ಮವರು ಹೊಲಕ್ಕೆ ಬರಲಿಲ್ಲ. "ನೀ ಹೋಗು, ನಾ ಮನಿ ಕಾಯ್ತೀನಿ. ಕಳ್ಳರು ಗಿಳ್ಳರು ಬಂದಾರು" ಎಂದರು. ನಗಿಸಲೆಂದೇ ಹೇಳಿದರು, ಇಬ್ಬರಿಗೂ ನಗು ಬರಲಿಲ್ಲ. ನಮ್ಮ ಮನೆ ಊರಿನ ಕೊನೆಯ ಓಣಿಯಲ್ಲಿದೆ, ಅಲ್ಲಿಂದ ಹಾಜಿಸಾಬರ ಹೊಲದ ಒಡ್ಡು ಕೂಗಳತೆ. ನಾನು ಬುಟ್ಟಿ ಹೊತ್ತು ತಿರುಗಿ ನೋಡಿದಾಗ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು.

ಹೊಲದಲ್ಲಿ ಊರೇ ನೆರೆದಿತ್ತು. ಹಾಜಿಸಾಬರ ಹೆಂಡತಿ ಜುಬೇದಾಬೀ ನನ್ನ ಗೆಳತಿ. ಆಕೆ ಪಾಂಡವರಿಗೆ ಸುಣ್ಣ ಹಚ್ಚಿ, ಕೈಯೆಲ್ಲ ಬೆಳ್ಳಗೆ ಮಾಡಿಕೊಂಡು ನಿಂತಿದ್ದಳು. ಗೋವಿಂದರಾಜ ಸಾಹೇಬರು ಬಂದೋಬಸ್ತಿಗೆಂದು ನಾಲ್ಕು ಪೇದೆಗಳ ಜೊತೆ ಬಂದಿದ್ದರು. ಈ ಸಲ ಪದ್ಧತಿಯನ್ನೆಲ್ಲ ಕೇಳಿ ತಿಳಿದುಕೊಂಡು, ಬೆಳಿಗ್ಗೆಯಿಂದ ಉಪವಾಸ ಇದ್ದರು.

ಹನ್ನೆರಡಕ್ಕೆ ಚರಗ ಹೊರಟಿತು. "ಹುಲ್ಲುಲ್ಲಿಗೋ!" "ಚಳ್ಳಂಬ್ರಿಗೋ!" ಊರು ಹಿಂದೆ ಹೋಯಿತು. ನಾನು ಮೊಣಕಾಲು ನೋವು ಎಂದು ಬನ್ನಿ ಗಿಡದ ಹತ್ತಿರವೇ ಬೆನ್ನು ತಿರುಗಿಸಿ ಕುಳಿತೆ, ಜುಬೇದಾಬೀ ಜೊತೆಗೆ ಕುಳಿತಳು. ಹಿಂದೆ ಜೋಳ ಸರಸರ ಎಂದಿತು. ಮಾಸ್ತರರು ಬಂದು ಬುಟ್ಟಿಯ ಮುಂದೆ ನಿಂತರು. ಉಸಿರಾಟ ಕೇಳುತ್ತಿತ್ತು. ಎಷ್ಟು ಹೊತ್ತಾದರೂ ಬುಟ್ಟಿ ಏಳಲಿಲ್ಲ.

"ಜುಬೇದಾಬೀ," ಮೆಲ್ಲಗೆ ಕರೆದರು ಮಾಸ್ತರರು. "ತಗೊಳ್ಳೇನ ಯವ್ವಾ?"

ನಾವು ಮಾತಾಡುವಂತಿಲ್ಲ. ಕಳ್ಳ ನಮಗೆ ಕಾಣುವುದೇ ಇಲ್ಲ. ಜುಬೇದಾಬೀ ಸೆರಗು ಬಾಯಿಗೆ ತುರುಕಿಕೊಂಡಳು.

ಚರಗದವರು ಒಂದು ಸುತ್ತು ಮುಗಿಸಿ ಬಂದು ನೋಡಿದರು. ಬುಟ್ಟಿ ಇದ್ದಲ್ಲೇ ಇತ್ತು, ಮಾಸ್ತರರು ಮತ್ತೆ ಜೋಳದೊಳಗೆ ಹೋಗಿದ್ದರು. ಕಳವಾಗದೆ ಚರಗ ನಿಲ್ಲಿಸುವಂತಿಲ್ಲ, ಇನ್ನೊಂದು ಸುತ್ತು ಹೋದರು. ಮೂರು ಸುತ್ತಾಯಿತು, ಐದಾಯಿತು. ಚೆಲ್ಲುವ ಅನ್ನ ಮುಗಿದು ಬರೀ ಕೈ ಬೀಸಿದರು. ಏಳನೆಯ ಸುತ್ತಿಗೆ ದನಿ ಬಿದ್ದು ಹುಲ್ಲುಲ್ಲಿಗೋ ಎನ್ನುವವನ ಬಾಯಿಂದ ಗಾಳಿ ಮಾತ್ರ ಬಂತು. ಎರಡೂವರೆ ಹೊಡೆಯಿತು. ಮಕ್ಕಳು ಅಳಹತ್ತಿದವು. ಒಬ್ಬ ಪೇದೆ ಹಸಿ ಜೋಳದ ತೆನೆಯನ್ನು ನೋಡಿ ನೋಡಿ ನಾಲಿಗೆ ಸವರಿಕೊಂಡ.

ಒಂಬತ್ತನೆಯ ಸುತ್ತಿಗೆ ಎಲ್ಲರೂ ಬಂದಾಗ ಮಾಸ್ತರರು ಆರನೆಯ ಕಲ್ಲಿನ ಪಕ್ಕ ಕುಳಿತು ಕಂಬಳಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ಆಗವಲ್ದೋ ಗುರುಬಸವ. ಕೈ ಮುಂದ ಹೋಗವಲ್ದು. ಮೂವತ್ತಾರು ವರ್ಷ ಹುಡುಗರಿಗೆ ಕದೀಬ್ಯಾಡ್ರೋ ಅಂತ ಹೇಳೀನಿ."

ಗುರುಬಸವ ತಲೆ ಮೇಲೆ ಕೈ ಹೊತ್ತ. ಆಮೇಲೆ ಐನೂರು ಮಂದಿಯ ಕಡೆ ತಿರುಗಿ, "ಯಾರರ ಒಬ್ರು ಬಂದು ಕಳುವು ಮಾಡ್ರೆಪಾ, ಕೈ ಮುಗೀತೀನಿ" ಎಂದ.

ಎಲ್ಲರೂ ಸಾಹೇಬರನ್ನು ನೋಡಿದರು. ಒಬ್ಬನ ಮಗಳ ಮದುವೆ ಗೊತ್ತಾಗಿತ್ತು. ಒಬ್ಬನ ಪಾಸ್‌ಪೋರ್ಟ್ ಅರ್ಜಿ ಠಾಣೆಯಲ್ಲೇ ಇತ್ತು. ಒಬ್ಬ ಪಂಚಾಯತಿ ಎಲೆಕ್ಷನ್ನಿಗೆ ನಿಲ್ಲುವವನಿದ್ದ. ಇಷ್ಟು ಪ್ರಾಮಾಣಿಕರು ಒಂದೇ ಕಡೆ ನಿಂತದ್ದನ್ನು ನಾನು ನೋಡಿರಲಿಲ್ಲ.

"ಸಾಹೇಬ್ರ, ಕೊಟ್ರಪ್ಪನ್ನ ಕರಿಯೋಣೇನ್ರಿ?" ಎಂದು ಕೇಳಿದ ಗುರುಬಸವ.

"ನನ್ನೆದುರಿಗೇ ಹೇಗ್ರೀ? ನಾನು ಪರ್ಮಿಷನ್ ಕೊಟ್ಟಿರೋದು ಮೇಷ್ಟ್ರು ಕದಿಯೋಕೆ."

ನನ್ನ ಎಣ್ಣೆಗಾಯಿ ಆರಿ ತಣ್ಣಗಾಗಿತ್ತು. ಹೋಳಿಗೆಗೆ ಇರುವೆ ಹತ್ತುತ್ತಿದ್ದವು. ಅಲ್ಲಿ ಕೊನೆಯ ಓಣಿಯಲ್ಲಿ, ಈ ಹಾಳು ಬುಟ್ಟಿಗಾಗಿ ಇಟ್ಟಿಗೆ ಹೊತ್ತು ಓಡುತ್ತಿದ್ದ ಮನುಷ್ಯ ಬಾಗಿಲಿಗೆ ಒರಗಿಕೊಂಡು, ಅವನೂ ಉಪವಾಸ ಇದ್ದ. ಊರು ಒಂದು ತುತ್ತು ತಿನ್ನುವವರೆಗೆ ತಾನೂ ಮುಟ್ಟುವವನಲ್ಲ. ಇಲ್ಲಿ ಇವರು ಕಾಲಂ ಲೆಕ್ಕ ಹಾಕುತ್ತಾ ನಿಂತಿದ್ದಾರೆ! ಸಿಟ್ಟು ನೆತ್ತಿಗೇರಿತು. ಸೀರೆಯ ಕಚ್ಚೆ ಬಿಗಿದೆ.

"ಕಳಕವ್ವಾ, ಎಲ್ಲಿಗೆ ಹೊಂಟಿ?" ಎಂದಳು ಜುಬೇದಾಬೀ.

"ಕಳುವಿಗೆ" ಎಂದೆ.

ಬುಟ್ಟಿ ಎತ್ತಿ ತಲೆ ಮೇಲಿಟ್ಟುಕೊಂಡು ಓಡಿದೆ. ಹಸಿದ ಐನೂರು ಹೊಟ್ಟೆಗಳು ಒಮ್ಮೆಗೇ ಒದರಿದವು. "ಕಳ್ಳಿ! ಕಳ್ಳಿ! ಕಳಕವ್ವಾ, ಓಡ ಬೇ! ಹಿಡೀರಿ! ಏ, ಹಿಡೀಬ್ಯಾಡ್ರೋ!" ಬೈಯುತ್ತಿದ್ದಾರೋ ಹುರಿದುಂಬಿಸುತ್ತಿದ್ದಾರೋ ತಿಳಿಯದು. ಹಿಂದೆ ನೂರಾರು ಕಾಲಿನ ದಬದಬ. ಅರವತ್ತೊಂದರ ನನ್ನ ಮೈಯಲ್ಲಿ ಎಲ್ಲಿಂದಲೋ ಏನೋ ಬಂದು ಸೇರಿತು. ಅಯ್ಯೋ ಶಿವನೇ, ಇದೇನಾ ಇವರು ವರ್ಷವೆಲ್ಲ ಕಾಯುತ್ತಿದ್ದದ್ದು ಅನ್ನಿಸಿತು. ಬಿಡಬೇಡ ಅನ್ನಿಸಿತು.

ಒಡ್ಡಿಗೆ ಇಪ್ಪತ್ತು ಮಾರು ಇರುವಾಗ ಮೊಣಕಾಲು ಕೈಕೊಟ್ಟಿತು. ಎದೆಯೊಳಗೆ ಉಸಿರು ನಿಲ್ಲುತ್ತಿಲ್ಲ. ಇನ್ನು ಬಿದ್ದೆ ಎನ್ನುವಾಗ ಒಡ್ಡಿನ ಆಚೆಯಿಂದ ಒಂದು ಆಕಾರ ಎದ್ದು ಬಂತು. ಬನಿಯನ್, ಲುಂಗಿ, ಬರಿಗಾಲು, ತಲೆ ಮೇಲೆ ನಮ್ಮ ಹಾಸಿಗೆಯ ಜಮಖಾನ. ಊರಿನ ಕೂಗು ಕೊನೆಯ ಓಣಿಗೆ ಮುಟ್ಟಿತ್ತು. ಮೂವತ್ತೊಂದು ವರ್ಷದ ರೂಢಿಯ ಕಾಲುಗಳು, ಕೈಯಲ್ಲಿ ಏನೂ ಇಲ್ಲದಿದ್ದರೂ ಎದ್ದು ಓಡಿಬಂದಿದ್ದವು.

"ಬುಟ್ಟಿ ಹಿಡೀರಿ!" ಎಂದೆ.

ನನ್ನ ತಲೆಯ ಬುಟ್ಟಿ ಅವರ ತಲೆಗೆ ಹೋಯಿತು. ಗಕ್ಕನೆ ತಿರುಗಿ, ಎಡಗಾಲು ಮುಂದಿಟ್ಟು, ತೆಗ್ಗು ಹಾರಿ, ಒಡ್ಡು ದಾಟಿ ಕುಳಿತರು. ರೊಟ್ಟಿ ಮುರಿದು ಎಣ್ಣೆಗಾಯಿ ಸುತ್ತಿ ತುತ್ತು ಮಾಡಿದರು.

"ಒಂದ್ ನಿಮಿಷ!" ಸಾಹೇಬರು ಏದುಸಿರು ಬಿಡುತ್ತಾ ಬಂದರು. ಅವರೂ ಕಳ್ಳಿ ಕಳ್ಳಿ ಎಂದು ಕೂಗುತ್ತಲೇ ಓಡಿ ಬಂದಿದ್ದರು. "ಬುಟ್ಟಿ ಯಾರದು?"

"ನಂದ್ರಿ" ಎಂದೆ.

"ಅಡುಗೆ?"

"ನಂದ ರಿ."

"ತಿಂತಿರೋರು?"

"ನನ್ನ ಗಂಡ ರಿ."

ಸಾಹೇಬರ ಮುಖ ಅರಳಿತು. "ಹೆಂಡತಿ ಮಾಡಿದ ಅಡುಗೆ ಗಂಡ ತಿಂದ್ರೆ ಕಳ್ಳತನ ಎಲ್ಲಿ ಬಂತು? ಕೇಸೇ ಇಲ್ಲ! ಹೋಗಿ, ಆರಾಮಾಗಿ ಊಟ ಮಾಡಿ."

ಯಾರೂ ಅಲುಗಾಡಲಿಲ್ಲ. ನಮ್ಮವರ ತುತ್ತು ಬಾಯಿಯ ಹತ್ತಿರವೇ ನಿಂತಿತು. ಕಳವಲ್ಲ ಎಂದರೆ ಅದು ಕಳ್ಳನ ತುತ್ತಲ್ಲ, ಯಾರೂ ಉಣ್ಣುವಂತಿಲ್ಲ. ಅವರು ತುತ್ತನ್ನು ಬುಟ್ಟಿಯಲ್ಲಿಟ್ಟು ಎದ್ದು ನಿಂತರು. ಠಾಣೆಯಲ್ಲಿ ಬಾಯಿ ಬರದ ಮನುಷ್ಯ ಕೈ ಜೋಡಿಸಿದರು.

"ಸಾಹೇಬ್ರ, ಹಾಂಗ ಅನಬ್ಯಾಡ್ರಿ. ಕಳುವು ಅಂತ ಬರಕೋರಿ. ನಾ ಕಳ್ಳ ಅದೀನ್ರಿ. ನಮ್ಮಪ್ಪನಾಣಿ."

"ಮನೆಯವರ ಬುಟ್ಟಿ ಕಣ್ರೀ, ದೂರು ಕೊಡೋರು ಯಾರು?"

"ನಾ ಕೊಡ್ತೀನಿ," ಜುಬೇದಾಬೀ ಮುಂದೆ ಬಂದಳು. "ಹೊಲ ನಮ್ಮದ್ರಿ. ಪೂಜಿಗೆ ಇಟ್ಟ ಮ್ಯಾಲೆ ಬುಟ್ಟಿ ಹೊಲದ್ದು. ನಮ್ಮ ಹೊಲದಾಗಿಂದ ಹಗಲ ಹೊತ್ತಿನ್ಯಾಗ ಕಳುವಾಗೇತಿ. ಜಲ್ದಿ ಬರಕೋರಿ ಸಾಹೇಬ್ರ, ಮಂದಿ ಹಸದಾರ."

ಸಾಹೇಬರು ಐನೂರು ಮುಖಗಳನ್ನು ನೋಡಿದರು, ತಮ್ಮ ನಾಲ್ಕು ಪೇದೆಗಳನ್ನು ನೋಡಿದರು. ಜೇಬಿನಿಂದ ಪುಸ್ತಕ ತೆಗೆದರು. "ಇದು ಎರಡನೇ ದಾಖಲೆ ಆಗುತ್ತೆ ಕೊಟ್ರಪ್ಪ. ಇನ್ನು ಯಾವತ್ತೂ ನಿಮಗೆ ಪ್ರಮಾಣಪತ್ರ ಸಿಗಲ್ಲ."

"ಬ್ಯಾಡ್ರಿ. ಬರಕೋರಿ."

ಸಾಹೇಬರು ಬರೆದು, ಸಹಿ ಹಾಕಿ, ಪುಸ್ತಕ ಮುಚ್ಚಿದರು. ನಮ್ಮವರು ಕುಳಿತು ತುತ್ತು ಬಾಯಿಗಿಟ್ಟರು. ಊರು ಹೋ ಎಂದು ಒದರಿತು. ಮೊದಲ ಪಂಕ್ತಿಯಲ್ಲಿ ಸಾಹೇಬರೂ ಮಾಸ್ತರರೂ ಅಕ್ಕಪಕ್ಕ ಕುಳಿತರು. ಮಾಸ್ತರರು ಮೂರು ಹೋಳಿಗೆ ತಿಂದು, ನಾಲ್ಕನೆಯದನ್ನು ಕೇಳಿ ತಗೊಂಡರು.

ಮನೆಗೆ ಹೊರಟಾಗ ಸಂಜೆ ಐದು. ಖಾಲಿ ಬುಟ್ಟಿ ಅವರ ತಲೆ ಮೇಲೆ, ಕಂಬಳಿಯೂ ಜಮಖಾನವೂ ನನ್ನ ಹೆಗಲ ಮೇಲೆ. ನಾನು ಕುಂಟುತ್ತಿದ್ದೆ, ಅವರು ನಿಧಾನಕ್ಕೆ ನಡೆಯುತ್ತಿದ್ದರು. ಎದುರಿಗೆ ಬಂದವರೆಲ್ಲ ಅವರನ್ನು ಮಾತಾಡಿಸಿದರು. ಸಾಹೇಬರ ಪುಸ್ತಕದಲ್ಲಿ ಇದ್ದದ್ದು ಅವರ ಹೆಸರು. ಬುಟ್ಟಿ ಎತ್ತಿದವಳು ಬೇರೆ ಎಂದು ಊರಿಗೆಲ್ಲ ಗೊತ್ತಿತ್ತು, ಯಾರೂ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ನಮ್ಮ ಓಣಿಯ ವಾಲ್ವಿನ ಹತ್ತಿರ ಅವರು ನಿಂತರು.

"ನೀ ಬುಟ್ಟಿ ಹೊತ್ತು ಓಡಬೇಕಾದ್ರ ಮಂದಿ ಏನಂತ ಒದರಿದ್ರು?"

ಏನಂತ ಒದರಿದ್ದರು ಎಂದು ನನ್ನ ಕಿವಿಯಲ್ಲಿ ಇನ್ನೂ ಇತ್ತು. ಅದರಲ್ಲಿ ಅವರ ಹೆಸರು ಎಲ್ಲಿಯೂ ಇರಲಿಲ್ಲ.

"ಕೊಟ್ರಪ್ಪ ಬಂದ, ಕೊಟ್ರಪ್ಪ ಬಂದ, ಅಂತ ಒದರಿದ್ರು" ಎಂದೆ. ನಲವತ್ತು ವರ್ಷದಲ್ಲಿ ಆ ಹೆಸರು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ಅವರು ತಲೆಯಾಡಿಸಿದರು.

"ಹೌದು," ಎಂದರು. "ಮನೀತನಕಾ ಕೇಳಿಸ್ತು. ಅದಕ್ಕ ಎದ್ದ ಬಂದ್ನಿ."